ಬಸ್ಸಿನ ದೃಶ್ಯದಲ್ಲಿ ನಾನು ಕೂಗಿದ್ದು

೧೪ ಜುಲೈ, ಭಾನುವಾರ
ಅಂಗಡಿಯ ಹಿಂದಿನ ಕೋಣೆ

ನನ್ನ ಮೊಂಡು ಮಗಳಿಗೆ,

ಅಮ್ಮನ ಮುತ್ತುಗಳು. ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಸಿಟ್ಟು ಬಂದಾಗಲೆಲ್ಲ ಉಪವಾಸ ಬೀಳುವ ಹಳೇ ಚಾಳಿ ಇನ್ನೂ ಇದೆಯೋ? ನಿನ್ನ ಪತ್ರ ಬಂದು ಎರಡು ವಾರ ದಾಟಿತು. ಉತ್ತರ ತಡವಾಯಿತು, ಬೈಯಬೇಡ. ಹೊಸ ಹೋಟೆಲಿನವರು ಎಲ್ಲ ಕೋಣೆಗಳಿಗೂ ಒಟ್ಟಿಗೇ ಪರದೆ ಹೊಲಿಸುತ್ತಿದ್ದಾರೆ. ಅಂಗಡಿ ತುಂಬ ಹಸಿರು ಬಟ್ಟೆ, ನನ್ನ ಕತ್ತರಿ ಎಲ್ಲಿದೆ ಎಂದು ಹುಡುಕುವುದೇ ಅರ್ಧ ದಿನದ ಕೆಲಸ. ಇದು ಅರ್ಧ ನಿಜ. ಇನ್ನರ್ಧ ಏನೆಂದರೆ, ಬರೆಯಬೇಕೆಂದು ಕೂರುತ್ತಿದ್ದೆ, ಏನೋ ನೆಪ ಮಾಡಿಕೊಂಡು ಏಳುತ್ತಿದ್ದೆ.

ಅಬ್ಬಾ, ಎಂಥ ಪತ್ರ ಬರೆದಿದ್ದೀಯ ಮಾರಾಯ್ತಿ! ಕಡ್ಡಿ ಮುರಿದ ಹಾಗೆ. "ಆಗಸ್ಟಲ್ಲಿ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ಆಗ್ತಾ ಇದೀವಿ. ನಿನಗೆ ಅವನು ಇಷ್ಟ ಇಲ್ಲ ಅಂತ ಗೊತ್ತು. ಬಂದಾಗ ಒಂದು ನಗು ಇಲ್ಲ, ಗಡ್ಡ ತೆಗೆಸು ಅಂದೆ. ನಿಮ್ಮನ್ನ ಅಮ್ಮ ಅಂತ ಕರೀಬಹುದಾ ಅಂತ ಪಾಪ ಅವನು ಬಾಯಿ ಬಿಟ್ಟು ಕೇಳಿದ್ರೆ, ನೀನು ತಿರುಗೂ ನೋಡದೆ ಕಪ್ ತೊಳೀತಾ ನಿಂತೆ. ಫೋನ್ ಮಾಡಿದ್ರೆ ಎತ್ತಲ್ಲ. ಮದುವೆಗೆ ಬರ್ತೀಯೋ ಇಲ್ವೋ, ಅದೊಂದು ಹೇಳು. ಉತ್ತರ ಬರದಿದ್ರೆ ಅಮ್ಮ ಬರಲ್ಲ ಅಂತ ತಿಳ್ಕೋತೀನಿ." ಇದನ್ನು ಓದಿ ಎರಡು ದಿನ ಹೊಲಿಗೆ ಮಷೀನು ಮುಟ್ಟಲಿಲ್ಲ. ಉತ್ತರ ಕೊಡುತ್ತೇನೆ, ಸ್ವಲ್ಪ ತಾಳು. ಮೊದಲು ನಮ್ಮ ಸಿನಿಮಾ ಸಂಘದ ಸುದ್ದಿ ಕೇಳು. ಅದನ್ನು ಬಿಟ್ಟು ಮುಂದಕ್ಕೆ ಹೋದರೆ ನನಗೆ ಬರೆಯಲು ಆಗುವುದಿಲ್ಲ.

ಶನಿವಾರ ಸಂಜೆಯ ಸಭೆ ಈಗಲೂ ನಡೆಯುತ್ತಿದೆ. ಅದೇ ಗಡಿಯಾರದಣ್ಣನ ರಿಪೇರಿ ಅಂಗಡಿಯ ಹಿಂಬದಿ, ಅದೇ ಸವೆದ ಸೋಫಾ, ಅದೇ ನಾಲ್ಕು ಜನ. ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಬ್ಯಾಂಕಕ್ಕ, ಕಾಲೇಜಿನಲ್ಲಿ ನಾಟಕ ಪಾಠ ಮಾಡಿದ ಮೇಷ್ಟ್ರು, ಗಡಿಯಾರದಣ್ಣ, ಮತ್ತೆ ನಾನು. ಸಿನಿಮಾ ಕೂಡ ಅದೇ. ನೀನು ಪ್ರತಿ ಸಲವೂ ಅರ್ಧದಲ್ಲಿ ಗೊರಕೆ ಹೊಡೆಯುತ್ತಿದ್ದೆ, ಇನ್ನು ನಿನ್ನ ಲಿಫ್ಟ್ ರಿಪೇರಿಯವನಿಗಂತೂ ಕಥೆಯೇ ಗೊತ್ತಿರಲಿಕ್ಕಿಲ್ಲ. ನಮ್ಮ ಮನೆಗೆ ಸೇರುವವನಿಗೆ ಇಷ್ಟಾದರೂ ತಿಳಿದಿರಬೇಕು. ಮುಂದಿನ ಪ್ಯಾರಾ ಅವನಿಗೆ ಓದಿ ಹೇಳು.

ಬಹಳ ಹಳೆಯ ನಾಟಕವೊಂದಿದೆಯಪ್ಪ. ಅದರಲ್ಲಿ ರಾಜಕುಮಾರಿಯೊಬ್ಬಳು ಕುದುರೆ ಸವಾರಿ ಕಲಿಸುತ್ತಾಳೆ. ಕಲಿತು ಮುಗಿಸಿದವರನ್ನು ಮರುದಿನವೇ ದಂಡಿಗೆ ಕಳಿಸುತ್ತಾಳೆ. ಒಬ್ಬ ಮಹಾ ಸವಾರ ಅವಳನ್ನು ಬಿಟ್ಟುಹೋಗಲಾರದೆ, ಬೇಕೆಂದೇ ದಿನಾ ಕುದುರೆಯಿಂದ ಬೀಳುತ್ತಾನೆ. ನಮ್ಮ ಸಿನಿಮಾದವರು ಅದನ್ನು ಈ ಕಾಲಕ್ಕೆ ತಂದಿದ್ದಾರೆ. ರಾಜಕುಮಾರಿ ಹೋಗಿ ಡ್ರೈವಿಂಗ್ ಸ್ಕೂಲಿನ ಟೀಚರ್ ಆಗಿದ್ದಾಳೆ. ಬೀಳುವವನು ಯಾರು ಗೊತ್ತೇ? ಸಿಟಿ ಬಸ್ಸಿನ ಡ್ರೈವರ್! ಹಗಲೆಲ್ಲ ಇಷ್ಟುದ್ದ ಬಸ್ಸನ್ನು ಗಲ್ಲಿಗಲ್ಲಿಯಲ್ಲಿ ನುಗ್ಗಿಸುವವನು ಸಂಜೆ ಅವಳ ಪುಟ್ಟ ಕಾರನ್ನು ಕಂಬಕ್ಕೆ ಗುದ್ದುತ್ತಾನೆ. ಒಂದು ದಿನ ಕಾರು ಕೆಟ್ಟು ಅವಳು ಬಸ್ಸು ಹತ್ತಿದರೆ, ಸ್ಟಿಯರಿಂಗ್ ಹಿಡಿದು ಕೂತಿದ್ದಾನೆ ಮಹಾರಾಯ. ಆಗ ಅವಳು ಸೊಂಟಕ್ಕೆ ಕೈಕೊಟ್ಟು ಹೇಳುವುದು: "ಮುಂದಿನ ಸ್ಟಾಪಲ್ಲಿ ಇಳೀಬೇಕಾದೋರು ನಾನಲ್ಲ ಕಣ್ರೀ, ನೀವು!"

ಈ ಮಾತು ನನ್ನದು. ನಮ್ಮ ಸಂಘದ ಪದ್ಧತಿ ನಿನಗೆ ಗೊತ್ತಲ್ಲ, ನೋಡುವುದಷ್ಟೇ ಅಲ್ಲ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನಾನು ಟೀಚರ್. ದಪ್ಪ ಗಂಟಲಿನ ಬ್ಯಾಂಕಕ್ಕ ಬಸ್ ಡ್ರೈವರ್. ಮೇಷ್ಟ್ರು ಹುಡುಗಿಯ ಅಪ್ಪ. ಗಡಿಯಾರದಣ್ಣನದು ಹಾರ್ನು, ಬ್ರೇಕು, ಕಂಡಕ್ಟರನ ಸೀಟಿ. ಸಿನಿಮಾದವರ ಜೊತೆಗೇ ನಾವೂ ಹೇಳುತ್ತೇವೆ, ಒಂದಕ್ಷರ ಆಚೀಚೆ ಆಗುವಂತಿಲ್ಲ. ಮೇಷ್ಟ್ರು ಮಾತ್ರ ನಡುನಡುವೆ ತಮ್ಮ ಪಾತ್ರ ಮರೆತು, "ಮೂಲ ನಾಟಕದಲ್ಲಿ ಕುದುರೆಗೂ ಒಂದು ವ್ಯಕ್ತಿತ್ವ ಇತ್ತು. ಈ ಕಾರಿಗೆ ಏನಿದೆ?" ಎಂದು ಗೊಣಗುತ್ತಾರೆ. "ಕಾರಿಗೆ ಇನ್ಶೂರೆನ್ಸ್ ಇದೆ, ಸುಮ್ನಿರಿ ಮೇಷ್ಟ್ರೇ" ಎಂದು ಬ್ಯಾಂಕಕ್ಕ ಬಾಯಿ ಮುಚ್ಚಿಸುತ್ತಾಳೆ. ಆರು ಗಂಟೆಗೆ ಗೋಡೆಯ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವಲ್ಲ, ಆಗ ಸಿನಿಮಾ ನಿಲ್ಲಿಸುವುದೂ ಹಾಗೇ ಇದೆ. ಮೊನ್ನೆ ಯಾಕೆ ನಿಲ್ಲಿಸಿದರೆಂದು ನನಗೆ ಒಂದು ಗಳಿಗೆ ತಿಳಿಯಲೇ ಇಲ್ಲ. ಆಮೇಲೆ ಗೋಡೆ ನೋಡಿದೆ, ಆರು.

ಈಗ ತಮಾಷೆಗೆ ಬರುತ್ತೇನೆ. ಆ ಸಿನಿಮಾದವರು ಈಗ ಹೊಸದೊಂದು ಪ್ರತಿ ಬಿಟ್ಟಿದ್ದಾರೆ. ಮೊದಲು ಕತ್ತರಿಸಿ ಹಾಕಿದ್ದನ್ನೆಲ್ಲ ಮತ್ತೆ ಸೇರಿಸಿ ಉದ್ದ ಮಾಡಿದ್ದು. ಬ್ಯಾಂಕಕ್ಕ ಎಲ್ಲಿಂದಲೋ ತರಿಸಿದಳು. ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ನಮ್ಮ ಸಡಗರ ನೋಡಬೇಕಿತ್ತು! ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಬಸ್ಸಿನ ದೃಶ್ಯ ಬಂತು. ಮೊದಲಿನದರಲ್ಲಿ ಹುಡುಗಿಯ ಮುಖ ಪರದೆ ತುಂಬ ಕಾಣುತ್ತದೆ. ಹೊಸದರಲ್ಲಿ ಕ್ಯಾಮೆರಾವನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ ಇಟ್ಟಿದ್ದಾರೆ. ಅವಳ ಬೆನ್ನು, ಅವನ ಬೆನ್ನು, ಅಷ್ಟೇ. ನಾನು ಎದ್ದು ನಿಂತೆ, ಸೊಂಟಕ್ಕೆ ಕೈಕೊಟ್ಟೆ, ಗಂಟಲು ಹರಿಯುವ ಹಾಗೆ ಕೂಗಿದೆ: "ಮುಂದಿನ ಸ್ಟಾಪಲ್ಲಿ ಇಳೀಬೇಕಾದೋರು ನಾನಲ್ಲ ಕಣ್ರೀ, ನೀವು!"

ತಿರುಗಿ ನೋಡಿದರೆ ಮೂವರೂ ಬಿಟ್ಟ ಬಾಯಿ ಬಿಟ್ಟ ಹಾಗೇ ಇದ್ದಾರೆ. ಹೊಸದರಲ್ಲಿ ಆ ಮಾತೇ ಇಲ್ಲವಂತೆ! ಹುಡುಗಿ ಸುಮ್ಮನೆ ನಿಂತಿರುತ್ತಾಳಂತೆ, ಅವನೇ ಮೆಲ್ಲಗೆ ಏನೋ ಹೇಳುತ್ತಾನಂತೆ. ಆ ಹೊಸ ಮಾತು ಕೇಳಲು ಉಸಿರು ಬಿಗಿಹಿಡಿದು ಕೂತಿದ್ದವರ ಮೇಲೆ ನಾನು ಹೀಗೆ ಸಿಡಿದಿದ್ದೆ. "ಅಯ್ಯೋ ನಿನ್ನ ಮನೆ ಹಾಳಾಗ! ಇಷ್ಟು ವರ್ಷ ಕಾದ ಮಾತನ್ನ ನುಂಗಿಬಿಟ್ಯಲ್ಲೇ!" ಎಂದು ಬ್ಯಾಂಕಕ್ಕ ದಿಂಬು ಎಸೆದಳು. "ನನ್ನ ಡೈಲಾಗ್ ಕತ್ತರಿಸೋಕೆ ಅವರ್ಯಾರು? ನಾನು ಬಿಡಲ್ಲ" ಎಂದು ನಾನೂ ಜೋರು ಮಾಡಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಷ್ಟ್ರಿಗೆ ನಕ್ಕು ನಕ್ಕು ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ಗಡಿಯಾರದಣ್ಣ ಒಬ್ಬ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದ.

ಸರಿ, ಈಗ ನಿನ್ನ ಪತ್ರಕ್ಕೆ ಉತ್ತರ. ಮದುವೆಗೆ ಬರುತ್ತೇನೆ. ನಿನ್ನ ಅಮ್ಮನಲ್ಲದೆ ಇನ್ಯಾರು ಬರುತ್ತಾರೆ? ಗಡ್ಡದ ಮಾತು ಸುಮ್ಮನೆ ಬಾಯಿಗೆ ಬಂದದ್ದು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ಕಪ್ಪು ತೊಳೆಯುವಾಗ ಯಾವುದೋ ಯೋಚನೆಯಲ್ಲಿದ್ದೆ. ಫೋನು ಬಕೆಟಿನಲ್ಲಿ ಬಿದ್ದು ಹಾಳಾಗಿದೆ. ಹುಡುಗ ಒಳ್ಳೆಯವನು. ಕೆಟ್ಟುನಿಂತ ಲಿಫ್ಟಿನಲ್ಲಿ ಸಿಕ್ಕಿಕೊಂಡ ನಿನ್ನನ್ನು ಹೊರಗೆಳೆದವನು ನಡುದಾರಿಯಲ್ಲಿ ಇಳಿಸಿ ಹೋಗುವವನಲ್ಲ ಎಂದು ನನಗೆ ನಂಬಿಕೆ ಇದೆ.

ಇಬ್ಬರೂ ಜಗಳ ಆಡಿಕೊಂಡು, ರಾಜಿ ಮಾಡಿಕೊಂಡು, ನೂರು ಕಾಲ ಚೆನ್ನಾಗಿರಿ. ನಿಮ್ಮ ಮನೆಯಲ್ಲಿ ನಗು ಬತ್ತದಿರಲಿ. ನಿಮ್ಮ ಕಿಟಕಿಗಳ ಅಳತೆ ಕಳಿಸು, ಪರದೆ ನಾನೇ ಹೊಲಿದು ತರುತ್ತೇನೆ.

ನಿನ್ನ
ಅಮ್ಮ

ಮರೆತಿದ್ದು: ಮೇಲಿನದನ್ನು ಒಮ್ಮೆ ಓದಿಕೊಂಡೆ. ನೀನು ನಂಬುವುದಿಲ್ಲ. ಚಿಕ್ಕವಳಿದ್ದಾಗಿಂದ ನನ್ನ ಸುಳ್ಳನ್ನು ಮೂಗಿನಲ್ಲೇ ಕಂಡುಹಿಡಿಯುವವಳು ನೀನು. ಫೋನು ಬಕೆಟಿಗೆ ಬಿದ್ದಿಲ್ಲ, ಇಲ್ಲೇ ಪಕ್ಕದಲ್ಲಿದೆ, ಚೆನ್ನಾಗಿದೆ.

ಆ ಶನಿವಾರ ಬ್ಯಾಂಕಕ್ಕ, ಮೇಷ್ಟ್ರು ಇಬ್ಬರೂ ಹೋದ ಮೇಲೆ ಗಡಿಯಾರದಣ್ಣ ಮುಷ್ಟಿಯಲ್ಲಿ ಒಂದು ಕೈಗಡಿಯಾರ ಮುಚ್ಚಿ ಹಿಡಿದು ನನ್ನ ಕಿವಿಯ ಹತ್ತಿರ ತಂದ. "ಅಕ್ಕಾ, ಇದು ನಡೀತಾ ಇದೆಯಾ ನೋಡಿ" ಎಂದ. "ಚೆನ್ನಾಗಿ ನಡೀತಾ ಇದೆಯಲ್ಲಪ್ಪ" ಎಂದೆ. ಅವನು ಮುಷ್ಟಿ ಬಿಡಿಸಿದ. ಬರೀ ಖಾಲಿ ಡಬ್ಬಿ, ಒಳಗೆ ಮಷೀನೇ ಇರಲಿಲ್ಲ. ನಾನು ಅಲ್ಲೇ ಸೋಫಾದ ಮೇಲೆ ಕೂತು ಅತ್ತುಬಿಟ್ಟೆ. ಸೋಮವಾರ ಬೆಳಿಗ್ಗೆ ಬ್ಯಾಂಕಕ್ಕ ನನ್ನನ್ನು ಕಿವಿಯ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಈ ಅಂಗಡಿ ಇಡುವ ಮೊದಲು ಮಿಲ್ಲಿನಲ್ಲಿ ಮಗ್ಗಗಳ ಸದ್ದಿನ ಮಧ್ಯೆ ನಿಂತ ವರ್ಷಗಳು ತಿಂದದ್ದಂತೆ. ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಮಷೀನು ಹಾಕಿದರೆ ಸ್ವಲ್ಪ ಕೇಳಿಸಬಹುದು, ಹಾಕಿ ನೋಡೋಣ ಎಂದರು.

ಸಿನಿಮಾ ಬಾಯಿಪಾಠ ಇತ್ತಲ್ಲ, ಅದಕ್ಕೇ ಅಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಯಾವಾಗ ನಗಬೇಕು, ಯಾವಾಗ ಸುಮ್ಮನಿರಬೇಕು ಎಂದು ನನಗೆ ಗೊತ್ತಿತ್ತು. ಎದುರಿಗೆ ಕೂತವರ ತುಟಿ ನೋಡಿಕೊಂಡು ಉಳಿದದ್ದನ್ನು ನಿಭಾಯಿಸುತ್ತಿದ್ದೆ. ಆದರೆ ನೀನು ಆ ಸಿನಿಮಾ ಅಲ್ಲವಲ್ಲೇ ಮಗಳೇ. ಫೋನಿನಲ್ಲಿ ನೀನು ಪ್ರತಿ ಸಲ ಹೊಸದೇನೋ ಹೇಳುತ್ತೀಯ. ನೀನು ಕೇಳುವುದೊಂದು ನಾನು ಹೇಳುವುದೊಂದು ಆಗಿ, ಅಮ್ಮನಿಗೆ ಅರಳುಮರಳು ಎಂದುಕೊಳ್ಳುತ್ತೀಯೇನೋ ಎಂದು ಹೆದರಿ ಎತ್ತುವುದನ್ನೇ ಬಿಟ್ಟೆ. ಫೋನು ಅಲ್ಲಿ ಹೊಳೆದು ಹೊಳೆದು ಆರಿಹೋಗುವುದನ್ನು ನೋಡುತ್ತಾ ಕೂರುತ್ತಿದ್ದೆ.

ಗಡ್ಡದ ವಿಷಯವೂ ಇದೇ. ಅವನ ಮೀಸೆ ಬಾಯಿ ಮೇಲೆಲ್ಲ ಬಿದ್ದು, ಏನು ಹೇಳುತ್ತಿದ್ದಾನೆಂದು ನನಗೆ ಒಂದೂ ಕಾಣಿಸಲಿಲ್ಲ. ಅವನು ನನ್ನನ್ನು ಅಮ್ಮ ಎಂದು ಕರೆಯಲೇ ಎಂದು ಕೇಳಿದ್ದು ನಿನ್ನ ಪತ್ರ ಬಂದ ಮೇಲೇ ನನಗೆ ತಿಳಿದದ್ದು. ನನ್ನ ಬೆನ್ನ ಹಿಂದೆ ಅವನು ಹಾಗೆ ನಿಂತಿದ್ದ, ನಾನು ನಲ್ಲಿ ಬಿಟ್ಟುಕೊಂಡು ಕಪ್ಪು ತೊಳೆಯುತ್ತಿದ್ದೆ.

ಆ ಹೊಸ ಮಾತನ್ನು ಬ್ಯಾಂಕಕ್ಕ ನನ್ನ ಎದುರು ಕೂತು, ಬಿಡಿಸಿ ಬಿಡಿಸಿ ಹೇಳಿದಳು. ಬಸ್ಸಿನವನು ಅವಳಿಗೆ ಹೇಳುತ್ತಾನಂತೆ, "ಮುಚ್ಚಿಟ್ಟಿದ್ದು ನಿಮ್ಮನ್ನ ನಗೋಕಲ್ಲ ಟೀಚರೇ, ನೀವು ಕಳಿಸಿಬಿಡ್ತೀರಿ ಅನ್ನೋ ಭಯಕ್ಕೆ." ನನಗೂ ಅದೇ ಭಯ ಇತ್ತು.

ಅವನು ಗಡ್ಡ ಬೋಳಿಸುವುದು ಬೇಡ, ಚೆನ್ನಾಗೇ ಇದೆ. ತುಟಿ ಕಾಣುವಷ್ಟು ಮೀಸೆ ಕತ್ತರಿಸಿದರೆ ಸಾಕು. ಮದುವೆಯ ದಿನ ನನ್ನ ಎದುರಿಗೆ, ಬೆಳಕಿನಲ್ಲಿ ನಿಂತು, ಅದೇ ಮಾತನ್ನು ಇನ್ನೊಂದು ಸಲ ಕೇಳಲಿ. ಹೂಂ ಅನ್ನುವುದನ್ನು ಈಗಿನಿಂದಲೇ ಬಾಯಿಪಾಠ ಮಾಡಿಕೊಂಡಿದ್ದೇನೆ.