ಬೆಳ್ಳಿಯ ಹಾಗೆ ಹೊಳೆಯಬೇಕು

ಹಡಗಿನಿಂದ
ಮಾರ್ಚ್ 17

ಪ್ರೀತಿಯ ಅಕ್ಕನಿಗೆ,

ತಮ್ಮನ ನಮಸ್ಕಾರಗಳು. ನಾನು ಕ್ಷೇಮ, ಹೊಟ್ಟೆ ಮಾತ್ರ ನೀನು ಕಂಡದ್ದಕ್ಕಿಂತ ಎರಡು ಬೆರಳು ಮುಂದೆ ಬಂದಿದೆ. ಕಿವಿಗೆ ಹೊಸ ಮೆಷಿನ್ ಹಾಕಿಸಿಕೊಂಡ ಮೇಲೆ ಫೋನಿನಲ್ಲಿ ಮೊದಲು ತಮ್ಮನ ದನಿಯನ್ನೇ ಕೇಳಬೇಕು ಎಂದು ನೀನು ಹೇಳಿದ್ದೆ. ಭಾನುವಾರ ಹತ್ತು ಗಂಟೆಗೆ ಫೋನ್ ಹಿಡಿದು ಕೂತಿದ್ದೆಯಂತೆ. ನಾನು ಮಾಡಲಿಲ್ಲ. ತಪ್ಪಾಯಿತು. ಆದರೆ ನಡೆದದ್ದನ್ನು ಓದಿ ಆಮೇಲೆ ಬೈ.

ಹಡಗಿನ ಕಂಬದ ತುದಿಯಲ್ಲಿ ನಾನು ನೋಡಿಕೊಳ್ಳುವ ಆಂಟೆನಾ ಇದೆಯಲ್ಲ, ಬಿಳಿ ಗುಮ್ಮಟದೊಳಗೆ ಕೂತು ಸದಾ ಉಪಗ್ರಹದ ಕಡೆಗೇ ಮುಖ ಮಾಡಿಕೊಂಡಿರುವುದು? ನಮ್ಮ ಫೋನೆಲ್ಲ ಅದರ ಮೂಲಕವೇ. ಹಕ್ಕಿಗಳು ಆ ಗುಮ್ಮಟವನ್ನು ಗಲೀಜು ಮಾಡಿದ್ದವು. ಶನಿವಾರ ಡೆಕ್ಕಿನ ಮೇಸ್ತ್ರಿಗೆ, "ಅದು ಬೆಳ್ಳಿ ಹಾಗೆ ಹೊಳೀಬೇಕು ನೋಡಪ್ಪ" ಎಂದೆ. ಚೆನ್ನಾಗಿ ಒರೆಸು ಎನ್ನುವ ಅರ್ಥದಲ್ಲಿ. ಆತ ಹೇಳಿದ ಮಾತು ಮೀರುವವನಲ್ಲ. ಸಂಜೆಯೊಳಗೆ ಎರಡು ಕೋಟು ಬೆಳ್ಳಿ ಬಣ್ಣ ಬಳಿದುಬಿಟ್ಟ. ನಾನೂ ಕೆಳಗಿನಿಂದ ನೋಡಿ ಭೇಷ್ ಎಂದೆ.

ಮರುದಿನ ನಿನಗೆ ಮಾಡೋಣವೆಂದು ಹೋದರೆ ಫೋನ್ ಸತ್ತಿತ್ತು. ನನ್ನ ಅನುಮಾನವೆಲ್ಲ ಕೇಬಲ್ ಮೇಲೆ. ಉಪ್ಪುನೀರು ಹೊಕ್ಕಿರಬೇಕೆಂದು ತುದಿಯಿಂದ ಬುಡದವರೆಗೆ ಒಂದೊಂದೇ ಜೋಡಣೆ ಬಿಚ್ಚಿ, ಒಣಗಿಸಿ, ಮತ್ತೆ ಕೂಡಿಸಿದೆ. ಗಂಟೆ ಹತ್ತಾದಾಗ ಕಂಬದ ಮೇಲೆ ನೇತಾಡುತ್ತಿದ್ದೆ. ಆ ಹೊಳಪು ಕಣ್ಣು ಕುಕ್ಕುತ್ತಿದ್ದರೂ ಬುದ್ಧಿ ಬರಲಿಲ್ಲ. ನಾಲ್ಕು ದಿನ ಹೀಗೇ. ಕ್ಯಾಪ್ಟನ್ ನನ್ನನ್ನು ಕಂಡಾಗಲೆಲ್ಲ ಗಡಿಯಾರ ನೋಡಿಕೊಳ್ಳತೊಡಗಿದರು. ಕೊನೆಗೆ ಅಡುಗೆಯವರು ತಲೆಯೆತ್ತಿ ನೋಡಿ, "ನನ್ನ ದೊಡ್ಡ ಪಾತ್ರೇನ ಅಲ್ಲಿ ಯಾಕೆ ಕವುಚಿಟ್ಟಿದ್ದೀರಿ" ಎಂದು ಕೇಳಿದರು. ಆಗ ತಲೆಗೆ ಹೋಯಿತು. ಆ ಬಣ್ಣದಲ್ಲಿರುವುದು ಅಲ್ಯೂಮಿನಿಯಂ ಪುಡಿ. ಲೋಹದ ಮುಚ್ಚಳದೊಳಗೆ ಕೂತ ಆಂಟೆನಾಕ್ಕೆ ಏನು ಕೇಳಿಸೀತು? ಮೇಸ್ತ್ರಿಯೂ ನಾನೂ ಇಡೀ ದಿನ ಕೆರೆದೆವು. "ಬೆಳ್ಳಿ ಅಂದಿದ್ದು ನೀವೇ ಅಲ್ವಾ ಸಾರ್" ಎಂದು ಆತ ಹತ್ತು ಸಲ ಕೇಳಿದ. ಹತ್ತು ಸಲವೂ ಹೌದು ಎನ್ನಬೇಕಾಯಿತು.

ಸರಿಯಾದ ಕೂಡಲೇ ನಿನಗೆ ಮಾಡಿದೆ. ಭಾವ ಎತ್ತಿ, "ಅವಳಿಗೆ ಈಗ ಎಲ್ಲಾ ಕೇಳಿಸುತ್ತೆ ಕಣೋ, ನಿನ್ನ ಫೋನೊಂದು ಬಿಟ್ಟು" ಎಂದರು. ಹಿಂದೆ ನೀನು ಪಾತ್ರೆ ಕುಕ್ಕುವುದು ನನಗೂ ಕೇಳಿಸಿತು. ಅದಕ್ಕೇ ಈ ಕಾಗದ. ಬಂದರು ಸಿಕ್ಕಿದ ಕೂಡಲೇ ಅಂಚೆಗೆ ಹಾಕುತ್ತೇನೆ.

ಭಾವನಿಗೆ ನಮಸ್ಕಾರ, ಪುಟ್ಟಿಗೆ ಆಶೀರ್ವಾದ. ನೀವೆಲ್ಲ ನೂರು ವರ್ಷ ಬಾಳಿ, ನಿನ್ನ ಕೋಪ ಮಾತ್ರ ಬೇಡ.

ನಿನ್ನ
ತಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಳೆದ ತಿಂಗಳು ಫೋನಿನಲ್ಲಿ ಒಂದೇ ಮಾತನ್ನು ನೀನು ಮೂರು ಸಲ ಹೇಳಿಸಿದ್ದಕ್ಕೆ ನಾನು "ಕಿವುಡಿ" ಎಂದು ಗೊಣಗಿದೆ. ಬೇರೇನೂ ಕೇಳಿಸದ ನಿನಗೆ ಅದೊಂದು ಕೇಳಿಸಿತು. ಮರುವಾರವೇ ನೀನು ಮೆಷಿನ್‌ಗೆ ಅಳತೆ ಕೊಟ್ಟು ಬಂದೆಯಂತೆ. ಇನ್ನು ಪ್ರತಿ ಭಾನುವಾರ ಹತ್ತು ಗಂಟೆಗೆ ಮಾಡುತ್ತೇನೆ. ಒಮ್ಮೆ ಎತ್ತು. "ಅಕ್ಕಾ" ಎನ್ನುತ್ತೇನೆ. ಕೇಳಿಸದಿದ್ದರೆ ಎಷ್ಟು ಸಲವಾದರೂ ಎನ್ನುತ್ತೇನೆ.