ಸೊಸೆಯ ಗಂಡ ಬಂದುಹೋದ ಮೇಲೆ

ಭಾನುವಾರ, ಊಟವಾದ ಮೇಲೆ
ಬೇಸಿಗೆಯ ಕೊನೆಯ ವಾರ

ಮುದ್ದು ಮಗಳೇ,

ನೀವು ಸುಖವಾಗಿ ತಲುಪಿದಿರೆಂದು ನೀನು ಅವತ್ತೇ ಫೋನಿನಲ್ಲಿ ತಿಳಿಸಿದ್ದೆ. ಇಲ್ಲಿ ನಾನು, ನಿನ್ನ ಮಾವ, ದೊರೆ ಮೂವರೂ ಚೆನ್ನಾಗಿದ್ದೇವೆ. ಮೂವರಲ್ಲಿ ಹೇಳಿದ ಮಾತು ಕೇಳುವುದು ನಾಯಿ ಒಂದೇ. ಪತ್ರ ತಡವಾಯಿತೆಂದು ಬೈದುಕೊಳ್ಳಬೇಡ. ಟೊಮೆಟೊ ಹಣ್ಣಾಯಿತು, ಬೀನ್ಸ್ ಬಲಿತುಹೋಯಿತು, ದೊರೆಯ ಕಾಲಿಗೆ ಮುಳ್ಳು ಚುಚ್ಚಿತು ಎಂದು ನೆಪಗಳನ್ನು ಬುಟ್ಟಿ ತುಂಬಿಸಿ ಕಳಿಸಬಹುದು. ನಿಜ ಹೇಳಬೇಕೆಂದರೆ, ಹೊರಡುವಾಗ ನೀನು ಕೇಳಿದ ಪ್ರಶ್ನೆಗೆ ಉತ್ತರ ಹೊಂದಿಸಿಕೊಳ್ಳುವುದರಲ್ಲೇ ಇಷ್ಟು ದಿನ ಹೋಯಿತು.

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ನಮ್ಮ ಮೊಮ್ಮಗಳ ಕೈ ಹಿಡಿದು, ಹಿಂದಿನವರು ನೂಕುತ್ತಿರುವಾಗ, ಗಂಡನತ್ತ ಕಣ್ಣು ತೋರಿಸಿ, "ಗಿಣಿ ಇವರನ್ನ ಅಪ್ಪ ಅಂತ ಕರೀಬಹುದಾ? ನೀವು ಬೇಡ ಅಂದ್ರೆ ಬೇಡ" ಎಂದು ಕೇಳಿದೆಯಲ್ಲ, ಬಸ್ಸಿನ ಸದ್ದಿನಲ್ಲಿ ಕೇಳಿಸಲಿಲ್ಲ ಎನ್ನುವ ಹಾಗೆ ನಾನು ಕೈ ಬೀಸಿಬಿಟ್ಟೆ. ಕೇಳಿಸಿತ್ತು. ನಿನ್ನ ಮಾವನ ಕಿವುಡು ನನಗೂ ಅಂಟಿತು ಎಂದುಕೋ. ಅದಕ್ಕೆ ಉತ್ತರ ಈ ಪತ್ರದಲ್ಲಿದೆ. ಆದರೆ ಇಡೀ ಜೀವಮಾನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಇಡೀ ವಾರ್ಡು ಸುತ್ತಿ ಬಂದಮೇಲೆಯೇ ಕೊನೆಯ ಹಾಸಿಗೆಗೆ ಹೋಗುವುದು ನನ್ನ ಅಭ್ಯಾಸ. ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ತೋಟದ ಸುದ್ದಿ. ನೀವಿದ್ದಾಗ ಹಸಿರಾಗಿಯೇ ಇದ್ದು ಸತಾಯಿಸಿದ ಟೊಮೆಟೊ, ನೀವು ಬೆನ್ನು ತಿರುಗಿಸಿದ್ದೇ ತಡ, ಮಾತಾಡಿಕೊಂಡ ಹಾಗೆ ಎಲ್ಲವೂ ಒಟ್ಟಿಗೆ ಕೆಂಪಾದವು. ತಿಂದೆವು, ಹಂಚಿದೆವು, ಬಾಟಲಿಗೆ ತುಂಬಿಸಿದೆವು. ಈಗ ನಾನು ಬುಟ್ಟಿ ಹಿಡಿದು ಬೀದಿಗಿಳಿದರೆ ಸಾಕು, ಅಕ್ಕಪಕ್ಕದ ಮನೆಗಳ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತವೆ. ಎದುರುಮನೆಯ ಟೀಚರಮ್ಮ ಮಾತ್ರ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದರು. ಬುಟ್ಟಿ ಇಸಿದುಕೊಳ್ಳುತ್ತಾ, "ಮೊನ್ನೆ ನಿಮ್ಮನೇಲಿ ಒಬ್ರು ಇದ್ರಲ್ಲ, ನಾಯಿಮರಿ ಎತ್ಕೊಂಡು ಓಡಾಡ್ತಿದ್ರು, ಯಾರು ಅವ್ರು?" ಎಂದು ಕೇಳಿದರು. "ಸೊಸೆಯ ಗಂಡ" ಎಂದೆ. ಅವರು ಬಾಯಿ ತೆರೆದವರು ಮುಚ್ಚಲೇ ಇಲ್ಲ. 'ಅಳಿಯ ಅಲ್ಲ, ಮಗಳ ಗಂಡ' ಎನ್ನುವ ಮಾತನ್ನು ಎಲ್ಲರೂ ಕೇಳಿದ್ದಾರೆ. ಸೊಸೆಯ ಗಂಡ, ಆದರೆ ಮಗನಲ್ಲ ಎನ್ನುವುದನ್ನು ಪಾಪ ಅವರು ಕೇಳಿದ್ದು ಅದೇ ಮೊದಲಿರಬೇಕು. ಮನೆಗೆ ಬಂದು ಹೇಳಿದರೆ ನಿನ್ನ ಮಾವ ಕೆಮ್ಮು ಬರುವಷ್ಟು ನಕ್ಕರು. ನಾನೂ ನಕ್ಕೆ.

ನೀವು ಬರುವ ಮುಂಚಿನ ವಾರ ನಾನು ನಗುವ ಸ್ಥಿತಿಯಲ್ಲಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾವನ ಮಂಡಿಯ ಆಪರೇಷನ್ನಿನಿಂದಾಗಿ ನಿಮ್ಮ ಮದುವೆಗೆ ನಾವು ಬರಲಾಗಲಿಲ್ಲ. ಹಾಗಾಗಿ ನಿನ್ನ ಗಂಡನನ್ನು ನೋಡಿರಲಿಲ್ಲ. 'ಲಿಫ್ಟ್ ರಿಪೇರಿ ಮಾಡುವವರು, ಒಳ್ಳೆಯವರು' ಎಂದು ನೀನು ಬರೆದಿದ್ದಷ್ಟೇ ಗೊತ್ತು. ಲಿಫ್ಟಿನವನು ಬರುತ್ತಾನೆಂದು ನಾನು ಪರದೆ ಒಗೆದೆ, ಕಿಟಕಿ ಉಜ್ಜಿದೆ, ಕಪಾಟಿನೊಳಗಿನ ಡಬ್ಬಿಗಳನ್ನೂ ಸಾಲಾಗಿ ನಿಲ್ಲಿಸಿದೆ. ನಿನ್ನ ಮಾವ ಕುರ್ಚಿಯಲ್ಲಿ ಕುಳಿತು, "ಇನ್ಸ್‌ಪೆಕ್ಷನ್ ಇರೋದು ನಮಗಾ, ಅವನಿಗಾ?" ಎಂದು ಕೇಳಿದರು. ರೈಲು ಓಡಿಸಿ ಓಡಿಸಿ ಕಿವಿ ಹೋದ ಮನುಷ್ಯನಿಗೆ ಕಣ್ಣು ಮಾತ್ರ ಬಲು ಚುರುಕು.

ಅವನು ಬಂದದ್ದು ಹೇಗೆ! ಅಷ್ಟೆತ್ತರದ ಆಳು, ಅಂಗಿಯೊಳಗೆ ಅಂಗೈಯಗಲದ ನಾಯಿ, ನಿಮ್ಮ ಕಡ್ಲೆ. ನೀನು ಮುಂಚೆಯೇ ಹೇಳಿದ್ದೆ, ಆದರೂ ಕತ್ತಿನ ಗುಂಡಿಯ ನಡುವೆ ಇಣುಕಿದ ಆ ಕಡ್ಲೆಯ ಮೂತಿ ನೋಡಿದವಳೇ, ದೊರೆ ಒಂದೇ ತುತ್ತಿಗೆ ನುಂಗುತ್ತಾನೆ ಎಂದು ಸರಪಳಿ ತರಲು ಓಡಿದೆ. ತಂದು ನೋಡಿದರೆ ಕಡ್ಲೆ ಅಡುಗೆಮನೆಯ ನಡುವೆ ನಿಂತು ಬೊಗಳುತ್ತಿದೆ, ಕರುವಿನಷ್ಟಿರುವ ನಮ್ಮ ದೊರೆ ಬಾಲ ಮುದುರಿಕೊಂಡು ಮೇಜಿನ ಕೆಳಗೆ ನಡುಗುತ್ತಿದ್ದಾನೆ. ನನ್ನ ಮಗ ದೊರೆಯನ್ನು ಮರಿಯಾಗಿ ತಂದ ದಿನ, "ಇವನು ಮನೆ ಕಾಯೋ ದೊರೆ ಅಮ್ಮ" ಎಂದಿದ್ದ. ಕಾಯುವುದು ಹಾಗಿರಲಿ, ಅವತ್ತು ದೊರೆಗೇ ಕಾವಲು ಬೇಕಾಯಿತು.

ಮೊದಲೆರಡು ದಿನ ನಿನ್ನ ಗಂಡ ನನಗೆ ಹಿಡಿಸಲಿಲ್ಲ. ತಪ್ಪು ಹುಡುಕಲು ಒಂದೂ ತಪ್ಪು ಸಿಗದಿದ್ದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಕೂರಿ ಎಂದರೆ ಕೂರುತ್ತಿದ್ದ, ತಿನ್ನಿ ಎಂದರೆ ತಿನ್ನುತ್ತಿದ್ದ. ಸಿಕ್ಕಿಕೊಳ್ಳುತ್ತಿದ್ದ ಕಪಾಟಿನ ಬಾಗಿಲು, ಕೂಗದ ಕರೆಗಂಟೆ, ತೊಟ್ಟಿಕ್ಕುವ ನಲ್ಲಿ, ಎಲ್ಲ ರಿಪೇರಿ ಆದವು. "ಹೊಸದ್ರಲ್ಲಿ ಅಗಸ ಎತ್ತಿ ಎತ್ತಿ ಒಗೆದ್ನಂತೆ. ನಾಳೆ ನನ್ನ ಮಂಡಿನೂ ಬಿಚ್ಚಿ ಎಣ್ಣೆ ಹಾಕ್ತಾನೆ ನೋಡು" ಎಂದು ನಿನ್ನ ಮಾವ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಅವರ ಪಿಸುಮಾತು ಪ್ಲಾಟ್‌ಫಾರ್ಮಿನ ಆಚೆ ತುದಿಗೆ ಕೇಳಿಸುವಂಥದ್ದು. ಪಾಪ, ಅವನ ಕಿವಿ ಕೆಂಪಾಯಿತು.

ಮೂರನೆಯ ಬೆಳಿಗ್ಗೆ ಕ್ಯಾರೆಟ್ ಪ್ರಕರಣ ನಡೆಯಿತು. ಗದ್ದಲ ಕೇಳಿ ನೀನು ಎದ್ದು ಬರುವಷ್ಟರಲ್ಲಿ ಅರ್ಧ ಮುಗಿದಿತ್ತು, ಪೂರ್ತಿ ಕೇಳು. ನಾನು ಚಹಾ ಲೋಟ ಹಿಡಿದು ಹಿತ್ತಿಲಿಗೆ ಹೋದರೆ ನಿನ್ನ ಗಂಡ ಮಂಡಿಯೂರಿ ಪಾತಿಯಲ್ಲಿದ್ದಾನೆ. "ನೀವು ಏಳೋದ್ರೊಳಗೆ ಕಳೆ ಕಿತ್ತಿಡೋಣ ಅಂತ" ಎಂದು ಹೆಮ್ಮೆಯಿಂದ ಹೇಳಿದ. ನೋಡುತ್ತೇನೆ, ನಾನು ಬಿತ್ತಿ, ನೀರು ಚಿಮುಕಿಸಿ, ಬಿಸಿಲಿಗೆ ಬಟ್ಟೆ ಮರೆಮಾಡಿ ಬೆಳೆಸಿದ ಕ್ಯಾರೆಟ್ ಸಸಿಗಳೆಲ್ಲ ಒಂದು ಗುಡ್ಡೆಯಾಗಿ ಬಿದ್ದಿವೆ. ಕಳೆಗಳು ಪಾತಿಯಲ್ಲಿ ನೆಟ್ಟಗೆ ನಿಂತಿವೆ. ಬಾಗಿದ ಎರಡು ಕಳೆಗೆ ಕಡ್ಡಿ ನೆಟ್ಟು ದಾರ ಬೇರೆ ಕಟ್ಟಿದ್ದಾನೆ!

"ಅಯ್ಯೋ ನಿನ್ನ ತಲೆ ಕಾಯ! ಕಣ್ಣು ಎಲ್ಲಿಟ್ಟಿದ್ದೆಯೋ? ಇಷ್ಟು ದೊಡ್ಡವನಾಗಿ ಕ್ಯಾರೆಟ್ ಎಲೆ ಗೊತ್ತಾಗಲ್ವಾ ನಿನಗೆ?" ಎಂದು ಕೂಗಿಬಿಟ್ಟೆ. ಜೂನಿಯರ್ ನರ್ಸುಗಳ ಕೈಯಿಂದ ಟ್ರೇ ಬೀಳಿಸುತ್ತಿದ್ದ ದನಿ ಅದು. ನಿನ್ನ ಮಾವ ಊರುಗೋಲು ಊರಿಕೊಂಡು ಬಂದು, "ಎಲ್ಲಿ ಬೆಂಕಿ ಬಿತ್ತು?" ಎಂದರು. ಗಿಣಿ ಕಿಟಕಿಯಿಂದ ಕೈ ತಟ್ಟಿ ನಕ್ಕಳು. ಅವನು ಕೈಯಲ್ಲಿ ಒಂದು ಕಳೆ ಹಿಡಿದು, "ಇದಕ್ಕೆ ಮೂರು ದಿನದಿಂದ ನೀರೂ ಹಾಕಿದೀನಿ" ಎಂದ. ಅಷ್ಟು ಹೇಳಿದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಬೈಸಿಕೊಂಡ ಮೇಲೆ ಅವನ ಮುಖ ಎಷ್ಟು ಹಗುರವಾಯಿತು ಗಮನಿಸಿದೆಯಾ? ಅವತ್ತು ಮಧ್ಯಾಹ್ನ ಕೇಳಿ ಕೇಳಿ ಬಡಿಸಿಕೊಂಡು ತಿಂದ. ನಾನೂ ಮತ್ತೆ 'ಬನ್ನಿ, ಹೋಗಿ' ಎನ್ನಲು ಹೋಗಲಿಲ್ಲ.

ಸಂಜೆ ನೀನು ಗಿಣಿಗೆ ತಲೆ ಬಾಚುತ್ತಿದ್ದಾಗ ನಾವಿಬ್ಬರೂ ಆ ಪಾತಿಯನ್ನು ಮತ್ತೆ ಕೆದಕಿ ಬೀಜ ಹಾಕಿದೆವು. ಬೇಸಿಗೆ ಮುಗಿಯುತ್ತಾ ಬಂದಿದೆ, ಹುಟ್ಟಿದರೆ ಹುಟ್ಟಲಿ ಎಂದು. ಆಗ ಅವನು ತಲೆ ಎತ್ತದೆಯೇ, "ಅವರು ಹೇಗಿದ್ರು? ನಂಗೆ ಫೋಟೊ ಮಾತ್ರ ಗೊತ್ತು" ಎಂದ. ಮಗಳೇ, ನನ್ನ ಮಗ ಹೋದಾಗ ಗಿಣಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಈಗ ಹಾಲುಹಲ್ಲು ಅಲ್ಲಾಡುತ್ತಿದೆ. ಇಷ್ಟು ವರ್ಷ ಎಲ್ಲರೂ ನನ್ನನ್ನು ಕೇಳಿದ್ದು ಅವನು ಹೇಗೆ ಹೋದ ಎಂದು. ಹೇಗಿದ್ದ ಎಂದು ಒಬ್ಬರೂ ಕೇಳಿರಲಿಲ್ಲ.

ಹೇಳಿದೆ. ಎಂಥ ಸೋಮಾರಿ ಎಂದರೆ, ಗಿಡಕ್ಕೆ ನೀರು ಹಾಕು ಎಂದರೆ ಮಂಚದಲ್ಲಿ ಮಲಗಿಕೊಂಡೇ ಕಿಟಕಿಯಿಂದ ಪೈಪು ಬಿಡುತ್ತಿದ್ದ. ಒಮ್ಮೆ ಹಾಗೇ ನಿದ್ದೆ ಹೋಗಿ ಪಕ್ಕದ ಮನೆಯವರ ಚಪ್ಪಲಿಗಳೆಲ್ಲ ನಮ್ಮ ಗೇಟಿನವರೆಗೆ ತೇಲಿ ಬಂದಿದ್ದವು. ಹಾಡಿದರೆ ದೊರೆ ಊಳಿಡುತ್ತಿದ್ದ. ನಿನ್ನನ್ನು ಮೊದಲ ಸಲ ಮನೆಗೆ ಕರೆತರುವ ದಿನ ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕಿದ್ದ. ನಿನ್ನ ಗಂಡ ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡು ನಗುತ್ತಿದ್ದ. ಮಗನ ವಿಷಯ ಮಾತಾಡಿ ಇಷ್ಟು ನಕ್ಕಿದ್ದು ನೆನಪೇ ಇಲ್ಲ. ಅವತ್ತು ನನಗೆ ಅವನು ಹಿಡಿಸಿದ, ಬಾಯಿಬಿಟ್ಟೇ ಹೇಳುತ್ತೇನೆ.

ಈಗ ಕೊನೆಯ ಹಾಸಿಗೆಗೆ ಬರುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ನೀನು ಕೇಳುವ ಹಿಂದಿನ ದಿನವೇ ಆಗಿಹೋಗಿದೆ. ನೀನು ಮಾವನ ಜೊತೆ ಅಂಗಡಿಗೆ ಹೋಗಿದ್ದೆ. ಹಿತ್ತಿಲಲ್ಲಿ ನಾಯಿಗಳ ಸ್ನಾನ ನಡೆದಿತ್ತು. ನಾನು ದೊರೆಯನ್ನು ಹಿಡಿದಿದ್ದೆ, ನಿನ್ನ ಗಂಡ ಸೋಪು ಉಜ್ಜುತ್ತಿದ್ದ, ಕಡ್ಲೆ ಗಿಣಿಯ ಪಾಲಿಗೆ. ಸೋಪುನೊರೆ ಮೆತ್ತಿಕೊಂಡ ಕಡ್ಲೆ ಅವಳ ಕೈಯಿಂದ ಜಾರಿ ಗೇಟಿನ ಕಡೆ ಓಡಿತು. "ಅಪ್ಪಾ, ಕಡ್ಲೆ ಓಡೋಯ್ತು!" ಎಂದು ಕಿರುಚಿದಳು.

ನಾನು ಅಡುಗೆಮನೆಯ ಬಾಗಿಲ ಕಡೆ ತಿರುಗಿದೆ. ನನ್ನ ಮಗ ಎದ್ದು ಹೊರಗೆ ಬರುತ್ತಾನೆ ಎಂದು. ಒಂದೇ ಗಳಿಗೆ, ಅಷ್ಟೇ. ಬಾಗಿಲಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡಿದರೆ ನಿನ್ನ ಗಂಡ ಕೈತುಂಬ ನೊರೆ ಹಿಡಿದು ಕುಳಿತಲ್ಲೇ ಕುಳಿತಿದ್ದ. ನನ್ನ ಮುಖ ನೋಡುತ್ತಿದ್ದ. ಗಿಣಿ ಮತ್ತೆ ಕೂಗಿದಳು. ಆಗ ನಾನೇ, "ನನ್ನ ಮುಖ ಏನು ನೋಡ್ತೀಯೋ? ಮಗು ಕರೀತಿದೆ, ಓಡು!" ಎಂದೆ. ಓಡಿದ. ಸೋಪಿನ ಮೇಲೆ ಕಾಲಿಟ್ಟು ಜಾರಿ ಕುಂಬಳದ ಬಳ್ಳಿಯ ಮೇಲೆ ಅಂಗಾತ ಬಿದ್ದ. ಬಿದ್ದಲ್ಲಿಂದಲೇ ಕಡ್ಲೆಯನ್ನು ಹಿಡಿದ. ಅವನ ಬೆನ್ನಿನ ಹಸಿರು ಕಲೆ ಹೇಗಾಯಿತೆಂದು ನೀನು ಕೇಳಿದ್ದಕ್ಕೆ "ಗಿಡ ನೋಡ್ತಾ ಇದ್ದೆ" ಎಂದನಲ್ಲ, ಆ ಕಲೆ ಅದು. ನಿನಗೆ ಅವನು ಏನೂ ಹೇಳಲಿಲ್ಲ. ಹೇಳುವುದು ನನಗೆ ಸೇರಿದ್ದು ಎಂದು ಬಿಟ್ಟುಕೊಟ್ಟ.

ಮತ್ತೆ ಬಸ್ಸಿನ ಹತ್ತಿರ ಯಾಕೆ ಸುಮ್ಮನಾದೆ ಎನ್ನುತ್ತೀಯಾ? ಕೈಯಲ್ಲಿ ಒದ್ದೆ ನಾಯಿ ಇರುವಾಗ ಹೇಳುವುದು ಸುಲಭ. ನೀನು ಎದುರಿಗೆ ನಿಂತು ಕೇಳಿದರೆ ಬಾಯಲ್ಲಿ ಮಾತಿನ ಬದಲು ಅಳು ಬರುತ್ತಿತ್ತು. ಇಡೀ ಬಸ್ಸಿಗೆ ನಾಟಕ ತೋರಿಸುವುದು ಬೇಡವೆನಿಸಿತು. ಈಗ ಸಮಾಧಾನವಾಗಿ ಬರೆಯುತ್ತಿದ್ದೇನೆ. ಕರೆಯಲಿ. ಬಾಯಿತುಂಬ ಕರೆಯಲಿ. ಗಿಣಿಗೆ ಆ ಮೂಗು ಕೊಟ್ಟವನು ಒಬ್ಬ, ಆ ಮೂಗು ಒರೆಸುವವನು ಇನ್ನೊಬ್ಬ. ಅಪ್ಪಂದಿರು ಹೆಚ್ಚಾಗಿ ಯಾವ ಮಗುವೂ ಆಸ್ಪತ್ರೆಗೆ ಸೇರಿದ್ದನ್ನು ನಾನು ನೋಡಿಲ್ಲ. ಚಪ್ಪಲಿ ತೇಲಿಸಿದವನ ಕಥೆಯನ್ನು ಮಾತ್ರ ಅವಳಿಗೆ ಹೇಳುತ್ತಿರು. ನೀನು ಮರೆತರೆ ನಿನ್ನ ಗಂಡನಿಗೆ ಗೊತ್ತು, ಕೇಳಿಕೋ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಕಪಾಟಿನ ಬಾಗಿಲು ಮತ್ತೆ ಸಿಕ್ಕಿಕೊಳ್ಳುತ್ತಿದೆಯೆಂದೂ ಬರೆಯಲು ಹೇಳಿದರು. ಅದು ಸುಳ್ಳು. ಅವರಿಗೆ ಇಸ್ಪೀಟಿಗೆ ಜೊತೆ ಬೇಕಾಗಿದೆ. ನಿಮ್ಮ ಮನೆಯಲ್ಲಿ ನಗು ಹೀಗೇ ತುಂಬಿರಲಿ. ಗಿಣಿಯ ಹಲ್ಲು ನೋವಿಲ್ಲದೆ ಬೀಳಲಿ, ಕಡ್ಲೆಗೆ ಸ್ವಲ್ಪ ಬುದ್ಧಿ ಬರಲಿ, ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಮೂವರಿಗೂ ನನ್ನ ತುಂಬು ಹರಕೆ.

ಇಂತಿ,
ಕ್ಯಾರೆಟ್ ಕಳೆದುಕೊಂಡವಳು

ತಾ.ಕ.: ಮೇಲೆ ತಮಾಷೆಯ ಸಹಿ ಹಾಕಿದ್ದೇನೆ. ಬೇರೆ ಏನು ಹಾಕಬೇಕೋ ತಿಳಿಯಲಿಲ್ಲ, ಅದಕ್ಕೆ. ಈ ಸಲ ಬಂದಾಗ ನೀನು ನನ್ನನ್ನು ಏನೆಂದೂ ಕರೆಯಲಿಲ್ಲ. 'ಇಲ್ಲಿ ನೋಡಿ' ಎಂದೆ, 'ಒಂದ್ನಿಮಿಷ ಬರ್ತೀರಾ' ಎಂದೆ, 'ಉಪ್ಪು ಎಲ್ಲಿದೆ' ಎಂದೆ. ಬಸ್ಸಿನ ಮೆಟ್ಟಿಲ ಮೇಲೂ ಬರೀ 'ನೀವು' ಎಂದೆ. ನಿನಗೀಗ ಇನ್ನೊಬ್ಬ ಅತ್ತೆ ಇದ್ದಾರೆ. ನನ್ನನ್ನು ಯಾವ ಹಕ್ಕಿನಿಂದ ಕರೆಯುವುದು ಎಂದು ಹಿಂಜರಿದಿರಬೇಕು, ನನಗೆ ಅರ್ಥವಾಗುತ್ತದೆ. ಆದರೆ ನಾನು ಹೆತ್ತದ್ದು ಒಬ್ಬನನ್ನೇ. ಅವನು ಹೋದ ಮೇಲೆ ನನ್ನನ್ನು 'ಅಮ್ಮ' ಎಂದು ಕರೆಯಲು ಈ ಲೋಕದಲ್ಲಿ ಉಳಿದಿದ್ದವಳು ನೀನೊಬ್ಬಳೇ. ಮುಂದಿನ ಸಲ ಬಂದಾಗ ಗೇಟಿನಿಂದಲೇ ಕೂಗು. ಟೀಚರಮ್ಮನಿಗೂ ಕೇಳಿಸುವ ಹಾಗೆ ಕೂಗು.