ಮೂವರು ಹೆಂಗಸರಿಗೆ ಟಿಕೆಟ್ ಇಲ್ಲ

ತಿರುಪ್ಪೂರು
19-5-2025

ಪ್ರೀತಿಯ ರುಕ್ಮಣಿ ಅಕ್ಕನಿಗೆ,

ನಿನ್ನ ತಂಗಿ ವಿಜಯಕುಮಾರಿಯ ನಮಸ್ಕಾರ. ಭಾವನವರ ಮಂಡಿನೋವು ಹೇಗಿದೆ? ನೀನು ಫೋನ್ ಮಾಡಿ ಹದಿನೈದು ದಿನವಾದ ಮೇಲೆ ಉತ್ತರ ಕೊಡುತ್ತಿದ್ದೇನೆ. ಬೈದುಕೊಂಡಿರುತ್ತೀ, ಬೈದುಕೋ. ಈ ಒಂದು ಕೋಣೆಯ ಮನೆಯಲ್ಲಿ ಫೋನ್ ಹಿಡಿದರೆ ಎಲ್ಲರ ಕಿವಿಯೂ ನನ್ನ ಬಾಯಿಯ ಹತ್ತಿರವೇ ಇರುತ್ತದೆ. ಕಾಗದಕ್ಕೆ ಆ ಭಯವಿಲ್ಲ. ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆದರೆ ಕನ್ನಡ ಅಕ್ಷರ ಬಲ್ಲವಳು ನಾನೊಬ್ಬಳೇ. ಕೊಳ್ಳೇಗಾಲದ ಮಾವನ ಮನೆಯಲ್ಲಿದ್ದು ನಾವಿಬ್ಬರೂ ಕಲಿತ ನಾಲ್ಕಕ್ಷರ ಹೀಗೆ ಕೆಲಸಕ್ಕೆ ಬರುತ್ತದೆಂದು ಯಾರಿಗೆ ಗೊತ್ತಿತ್ತು!

"ಸತ್ಯಾಳನ್ನು ರಜೆಗೆ ಇಲ್ಲಿಗೆ ಕಳಿಸಿಬಿಡು. ಪಾಪ, ಅಲ್ಲಿ ಆ ಹುಡುಗಿಗೆ ನೋಡೋಕೆ ಏನಿದೆ?" ಎಂದೆಯಲ್ಲ, ಆ ಮಾತು ಚುಚ್ಚಿತು ಅಕ್ಕ. ನಮ್ಮವರು ಹೊಲಿಯುತ್ತಿದ್ದ ಬನಿಯನ್ ಕಂಪನಿಯಲ್ಲಿ ಆರ್ಡರ್ ಇಲ್ಲದೆ ಟೈಲರ್‌ಗಳನ್ನೆಲ್ಲ ಮನೆಗೆ ಕಳಿಸಿದ್ದು ನಿಜ. ಕೇಬಲ್ ತೆಗೆಸಿದ್ದೂ ನಿಜ. ಆದರೆ ನನ್ನ ಮಗಳು ಈ ರಜೆಯಲ್ಲಿ ನೋಡಿದಷ್ಟು ಊರುಗಳನ್ನು ಕೈಯಲ್ಲಿ ದುಡ್ಡಿದ್ದ ವರ್ಷವೂ ನೋಡಿರಲಿಲ್ಲ.

ಹೇಗೆ ಅನ್ನುತ್ತೀಯಾ? ಇಲ್ಲಿ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಿಮ್ಮ ಕಡೆಯೂ ಇಲ್ಲವಂತೆ, ಆದರೆ ನೀನು ಅಂಗಡಿ ಬಿಟ್ಟು ಏಳುವವಳಲ್ಲ! ನಾನು, ಸತ್ಯಾ, ನಮ್ಮತ್ತೆ ರಾಮಾಯಿ, ಮೂವರೂ ಪುಕ್ಕಟೆ. ಭಾನುವಾರ ಬಂತೆಂದರೆ ಡಬ್ಬಿಗೆ ಟೊಮೆಟೊ ಅನ್ನ ತುಂಬಿಕೊಂಡು ಹೊರಟೆವು. ಒಂದು ಬಸ್ಸು ನಿಂತಲ್ಲಿ ಇನ್ನೊಂದು ಹತ್ತುವುದು. ಕುನ್ನತ್ತೂರಿನ ಸಂತೆಯಲ್ಲಿ ಒಂದು ಕಟ್ಟು ಸೊಪ್ಪನ್ನೂ ಕೊಳ್ಳದೆ ಎರಡು ಗಂಟೆ ಠೀವಿಯಿಂದ ತಿರುಗಿದೆವು. ಇನ್ನೊಂದು ವಾರ ದಾರಿಯ ಮೈದಾನವೊಂದರಲ್ಲಿ ಹೆಂಗಸರು ಸುತ್ತುಗಟ್ಟಿ ಚಪ್ಪಾಳೆ ತಟ್ಟಿ ವಳ್ಳಿ ಕುಮ್ಮಿ ಕುಣಿತ ಕಲಿಯುತ್ತಿದ್ದರು. ಕಲಿಸುವವರು ಸತ್ಯಾಳನ್ನೂ ಕೈಹಿಡಿದು ಎಳೆದುಕೊಂಡರು. ಹದಿಮೂರು ವರ್ಷದ ಹುಡುಗಿ, ಮೊದಲು ನಾಚಿದಳು, ಆಮೇಲೆ ಕರೆದರೂ ಹೊರಗೆ ಬರಲಿಲ್ಲ.

ನಮ್ಮವರು ಮಾತ್ರ ಬರುವುದಿಲ್ಲ. "ಗಂಡಸು ಬಂದ್ರೆ ಟಿಕೆಟ್ ತೆಗೀಬೇಕು. ನೀವು ಮೂರು ಜನ ಮಹಾರಾಣಿಗಳು ಹೋಗಿ ಬನ್ನಿ, ನಾನು ಮನೇಲಿ ಕಾಲು ಚಾಚಿ ಮಲಗ್ತೀನಿ" ಎಂದು ನಗುತ್ತಾರೆ.

ನಿನ್ನೆಯ ಸಂಗತಿ ಕೇಳು. ಅವಿನಾಶಿಗೆ ಹೋಗುತ್ತೇವೆಂದು ಮನೆಯಲ್ಲಿ ಹೇಳಿ ಹೊರಟವರು ನಾವು. ಬಸ್ ನಿಲ್ದಾಣದಲ್ಲಿ ಹೋರಿಗಳಿಗೆ ಹೆಸರಾದ ಕಾಂಗೇಯಂ ಕಡೆಯ ಬಸ್ಸು ಕಂಡದ್ದೇ ತಡ, ಅತ್ತೆ ಮಗುವಿನಂತೆ ಹಠ ಹಿಡಿದರು. "ಒಂದು ಒಳ್ಳೆ ಹೋರಿ ನೋಡಿ ಎಷ್ಟು ವರ್ಷ ಆತು ಕಣಮ್ಮಾ! ಇನ್ನು ಯಾವಾಗ ನೋಡದು?" ಎಂದರು. ಅವರು ಆ ಸೀಮೆಯ ರೈತರ ಮಗಳು, ನಿನಗೆ ಗೊತ್ತಲ್ಲ. ಎರಡು ಬಸ್ಸು ಬದಲಿಸಿ ಭಾನುವಾರದ ದನದ ಸಂತೆಗೆ ಹೋದೆವು.

ಎಂಥ ಹೋರಿಗಳು ಅಕ್ಕ! ದಲ್ಲಾಳಿಗಳು ಟವೆಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ಬಾಯಿ ಬಿಡದೆ ಬೆಲೆ ಕಟ್ಟುವುದನ್ನು ಸತ್ಯಾ ಕಣ್ಣು ಮಿಟುಕಿಸದೆ ನೋಡಿದಳು. ಅಷ್ಟರಲ್ಲಿ ನಮ್ಮತ್ತೆ, ಬಸ್ಸಿನಲ್ಲಿ "ಸ್ವಲ್ಪ ಜರುಗಿ" ಎನ್ನಲೂ ಹೆದರುವವರು, ಇದ್ದಕ್ಕಿದ್ದಂತೆ ಇಡೀ ಸಂತೆಗೆ ಕೇಳುವ ಹಾಗೆ ಕೂಗಿದರು. "ಸತ್ಯಾ, ಇಲ್ಲಿ ನೋಡು! ಆ ಬೂದು ಬಣ್ಣದ ಮಯಿಲೆ ಹೋರಿ! ಬಲಗಾಲು ಊರದೇ ಇಲ್ಲ ಅದು!"

ಅದನ್ನು ಕೊಳ್ಳಲು ನಿಂತಿದ್ದ ಮಯಿಲ್‌ಸಾಮಿ ಎಂಬವರು ಟವೆಲಿನಿಂದ ಕೈ ಹೊರಗೆಳೆದರು. ದಲ್ಲಾಳಿ ಕೆಂಡವಾದ. ಅತ್ತೆ ಬಿಡಲಿಲ್ಲ, "ನಾಲ್ಕು ಹೆಜ್ಜೆ ನಡೆಸಿ ತಿರುಗಿಸಪ್ಪಾ" ಎಂದು ತಮಿಳಿನಲ್ಲಿ ಗದರಿದರು. ತಿರುಗುವಾಗ ಹೋರಿ ಕುಂಟಿತು! ಆಮೇಲೆ ಕೇಳಬೇಕೆ, ಜನ ಸುತ್ತುವರಿದು "ಆತ್ತಾ, ಇದು ಹೇಗೆ? ಅದು ಹೇಗೆ?" ಎಂದು ಒಂದೊಂದೇ ಹೋರಿ ತಂದು ನಿಲ್ಲಿಸಿದರು. ಅತ್ತೆ ಹಲ್ಲು ನೋಡಿದರು, ಸುಳಿ ನೋಡಿದರು, ತೀರ್ಪು ಕೊಟ್ಟರು. ಮಯಿಲ್‌ಸಾಮಿ ನೋಟು ತೆಗೆದಾಗ, "ನಾವು ವೇಡಿಕ್ಕೆ, ತಮಾಷೆ ನೋಡಕ್ಕೆ ಬಂದೋರು, ಕೂಲಿಗೆ ಬಂದೋರಲ್ಲ" ಎಂದುಬಿಟ್ಟರು. ಕೊನೆಗೆ ಮೂವರಿಗೂ ಎಳನೀರು ಕುಡಿಸಿಯೇ ಅವರು ಬಿಟ್ಟದ್ದು. ಸತ್ಯಾ ಬಸ್ಸಿನಲ್ಲಿ ಸಿಕ್ಕಿದವರಿಗೆಲ್ಲ "ನಮ್ಮಜ್ಜಿ, ನಮ್ಮಜ್ಜಿ" ಎಂದು ಹೇಳಿದ್ದೇ ಹೇಳಿದ್ದು. ನನಗೂ ಹೆಮ್ಮೆಯಿಂದ ಎದೆ ತುಂಬಿತ್ತು.

ಆದ್ದರಿಂದ ಅವಳನ್ನು ಕಳಿಸುವುದಿಲ್ಲ ಅಕ್ಕ, ಬೇಸರ ಮಾಡಿಕೊಳ್ಳಬೇಡ. ನಮ್ಮ ಹತ್ತಿರ ಇಲ್ಲದ್ದು ದುಡ್ಡು ಮಾತ್ರ. ನಿನ್ನ ಮಕ್ಕಳು ನೂರು ವರ್ಷ ನಗುತ್ತಿರಲಿ. ಭಾವನವರಿಗೆ ನನ್ನ ನಮಸ್ಕಾರ, ಮಂಡಿಗೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ ಎನ್ನು.

ನಿನ್ನ ತಂಗಿ,
ವಿಜಯಕುಮಾರಿ

ತಾ.ಕ.: ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ ಅಕ್ಕ. ಅತ್ತೆ ಕೂಗಿದ್ದು ಹೋರಿಗಾಗಿ ಅಲ್ಲ. ಎದುರು ಸಾಲಿನಲ್ಲಿ ಮೂಗಿನವರೆಗೂ ಟವೆಲ್ ಸುತ್ತಿಕೊಂಡು ಒಬ್ಬರು ಸಗಣಿ ಬುಟ್ಟಿ ಹೊರುತ್ತಿದ್ದರು. ನಡಿಗೆಯಲ್ಲೇ ಗುರುತು ಸಿಕ್ಕಿತು. ಮನೆಯಲ್ಲಿ ಮಲಗುತ್ತೇನೆ ಎಂದಿದ್ದ ನಮ್ಮವರು. ನಾವು ಅವಿನಾಶಿಯಲ್ಲಿದ್ದೇವೆ ಎಂದುಕೊಂಡಿದ್ದರು. ನಮ್ಮನ್ನು ಕಂಡು ಬುಟ್ಟಿಯೊಂದಿಗೆ ಹಾಗೆಯೇ ನಿಂತುಬಿಟ್ಟರು. ಸತ್ಯಾ ಆ ಕಡೆ ತಿರುಗುತ್ತಿದ್ದಳು, ಅಷ್ಟರಲ್ಲಿ ಅತ್ತೆ ಈ ಕಡೆಯ ಹೋರಿಗೆ ಕೈತೋರಿಸಿ ಕೂಗಿದರು. ಅದು ಕುಂಟಿದ್ದು ನಮ್ಮ ಪುಣ್ಯ.

ಸಗಣಿ ಎತ್ತುವುದು ಅವಮಾನವಲ್ಲ, ರೈತರ ಮನೆ ನಮ್ಮದು. ನಮ್ಮಿಂದ ಮುಚ್ಚಿಟ್ಟರಲ್ಲ, ಅದೇ ನೋವು. ಸಂಜೆ ಸತ್ಯಾ ಹೋರಿಯ ಕಥೆ ಹೇಳಿದಾಗ "ಹೌದಾ? ಆಮೇಲೆ?" ಎಂದು ಏನೂ ಅರಿಯದವರಂತೆ ಕೇಳಿದರು. ಈಗಲೂ ಪಕ್ಕದಲ್ಲೇ ಕೂತು "ಅಷ್ಟು ಉದ್ದ ಏನು ಬರೀತಿದೀಯಾ?" ಎನ್ನುತ್ತಿದ್ದಾರೆ. ಹೋರಿ ವಿಷಯ ಎಂದೆ.

ಸತ್ಯಾ ಏನೂ ನೋಡಲಿಲ್ಲವೆಂದು ನಾನೂ ಅತ್ತೆಯೂ ನೆಮ್ಮದಿಯಾಗಿದ್ದೆವು. ಇವತ್ತು ಬೆಳಿಗ್ಗೆ, ತನ್ನ ಕರ್ಚೀಫನ್ನೂ ಒಗೆಯದ ಆ ಹುಡುಗಿ ನಲ್ಲಿಯ ಹತ್ತಿರ ಕೂತು ಅಪ್ಪನ ಆ ಟವೆಲಿಗೆ ಸೋಪು ಹಚ್ಚಿ ತಿಕ್ಕುತ್ತಿದ್ದಳು.